ಚರ್ಮದ ಡಾಕ್ಟರೂ ಪೊರೆ ಬಿಡದ ಓತಿಕ್ಯಾತವೂ

ನನ್ನ ಹಣೆಬರಹದಲ್ಲಿ ಮರ್ಯಾದೆ ಹೋಗುವುದೆಲ್ಲ ಚರ್ಮದ ಕಾರಣಕ್ಕೇ. ನೈರೋಬಿಯಲ್ಲಿ ಚರ್ಮರೋಗದ ಡಾಕ್ಟರಾಗಿ ತಲೆ ನರೆಸಿಕೊಂಡವನು ನಾನು. ಯುಗಾದಿ ಊಟಕ್ಕೆ ಕೂತರೂ ಪಕ್ಕದವರು ನನ್ನ ಎಲೆಯ ಮೇಲೆ ಕೈ ಚಾಚಿ, "ಡಾಕ್ಟ್ರೇ, ಈ ಗಂಧೆ ಸ್ವಲ್ಪ ನೋಡಿ" ಅನ್ನುತ್ತಾರೆ. ನಾನು ಹೋಳಿಗೆ ಕೆಳಗಿಟ್ಟು ನೋಡುತ್ತೇನೆ. ಇಂಥವನ ಮನೆಗೇ, ದೇಶ ಬಿಟ್ಟು ಹೊರಟ ನೆರೆಮನೆಯವರು ತಮ್ಮ ಬಿಯರ್ಡೆಡ್ ಡ್ರ್ಯಾಗನ್ ತಂದು, ನನ್ನ ಮಗಳ ಕೈಗಿಟ್ಟು ವಿಮಾನ ಹತ್ತಿದರು. ಹೆಸರು ಕೇಳಿ ಗಾಬರಿಯಾಗಬೇಡಿ. ಗಡ್ಡದ ಜಾಗದಲ್ಲಿ ಮುಳ್ಳಿರುವ, ಮೊಳದುದ್ದದ ಓತಿಕ್ಯಾತ, ಅಷ್ಟೆ.

೧. ರೋಗ ಪತ್ತೆ

ಬಂದ ಕೆಲವೇ ದಿನಕ್ಕೆ ಅದರ ಮೈ ಬೂದಿ ಬಣ್ಣಕ್ಕೆ ತಿರುಗಿತು. ಊಟ ಬಿಟ್ಟಿತು. ನಮ್ಮ ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಪ್ಪಾ, ಯು ಆರ್ ದ ಸ್ಕಿನ್ ಡಾಕ್ಟರ್. ಡೂ ಸಮ್‌ಥಿಂಗ್" ಅಂದಳು.

ಮಗಳು ನನ್ನ ವಿದ್ಯೆಯನ್ನು ನಂಬಿದ್ದು ಅದೇ ಮೊದಲು. ಭೂತಗನ್ನಡಿ ಹಿಡಿದು ನೋಡಿದೆ. ಚೂರು ಸಿಪ್ಪೆ ಕೆರೆದು ಕ್ಲಿನಿಕ್ಕಿಗೆ ಒಯ್ದು ಪರೀಕ್ಷಿಸಿದೆ. "ಫಂಗಸ್. ಎಲ್ಲರಿಗೂ ಹರಡುತ್ತೆ" ಎಂದು ಘೋಷಿಸಿ, ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿಸಿ, ಓತಿಕ್ಯಾತಕ್ಕೆ ಮುಲಾಮು ಬಳಿದೆ. ಮರುದಿನ ಅದರ ಬೆನ್ನಿನ ಚರ್ಮವೇ ಎದ್ದು ಬಂತು. ಮುಲಾಮಿನಿಂದಲೇ ಹೀಗಾಯಿತೆಂದು ಗಾಬರಿಯಲ್ಲಿ ಬಳಿದದ್ದನ್ನೆಲ್ಲ ಒರೆಸತೊಡಗಿದೆ.

ಮಗಳು ಫೋನಿನಲ್ಲಿ ಏನೋ ಓದಿ ತಲೆಯೆತ್ತಿದಳು. "ಅಪ್ಪಾ, ಇಟ್ಸ್ ಜಸ್ಟ್ ಶೆಡ್ಡಿಂಗ್." ಹಾವು ಪೊರೆ ಬಿಡುವ ಹಾಗೆ ಇದೂ ಬಿಡುತ್ತದಂತೆ. ಕಾಯಿಲೆಯೇ ಅಲ್ಲವಂತೆ.

ಹೆಂಡತಿ ಒದ್ದೆ ಹೊದಿಕೆ ಹಿಂಡುತ್ತಾ ಕೇಳಿದಳು: "ರೀ, ಇಷ್ಟು ವರ್ಷದಲ್ಲಿ ಹೀಗೆ ಎಷ್ಟು ಜನಕ್ಕೆ ಮುಲಾಮು ಹಚ್ಚಿದೀರಿ?"

೨. ಬಿಸಿನೀರು

ಪೊರೆಯೆಲ್ಲ ಹೆಚ್ಚುಕಡಿಮೆ ಬಿಟ್ಟಿತು, ಹಿಂಗಾಲಿನ ಒಂದು ಬೆರಳಿನದು ಮಾತ್ರ ಬಿಡಲಿಲ್ಲ. ಅಲ್ಲಿ ಉಂಗುರದ ಹಾಗೆ ಕಚ್ಚಿಕೊಂಡು ಕೂತಿತು. ಅಷ್ಟರಲ್ಲಿ ಮಗಳು ಸ್ಕೂಲಿನವರ ಜೊತೆ ಮೊಂಬಾಸಾಕ್ಕೆ ಹೊರಡಬೇಕಾಯಿತು. ಹೊರಡುವಾಗ ನನಗೆ ಪಾಠ ಹೇಳಿದಳು: ಎಳೆದು ಕೀಳಬಾರದು, ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬೇಕು, ದೀಪದ ಶಾಖ ತಪ್ಪಬಾರದು. ಉಂಗುರ ಬಿಗಿದರೆ ರಕ್ತ ನಿಂತು ಬೆರಳು ಕಪ್ಪಾಗುತ್ತೆ. "ಇಫ್ ಇಟ್ಸ್ ಬ್ಲ್ಯಾಕ್, ಇಟ್ಸ್ ಗಾನ್, ಅಪ್ಪಾ. ಪ್ರಾಮಿಸ್?" ಕಣ್ಣಲ್ಲಿ ನೀರಿತ್ತು. ಮಾತು ಕೊಟ್ಟೆ.

ಆ ವಾರವೇ ನಮ್ಮ ಸೌತ್ ಸಿ ಬಡಾವಣೆಯಲ್ಲಿ ನಲ್ಲಿ ನೀರು ನಿಂತಿತು. ಟ್ಯಾಂಕರ್ ನೀರು ತರಿಸಿ, ಕಾಯಿಸಿ, ಬೇಸಿನ್ನಿಗೆ ತುಂಬಿ ಓತಿಕ್ಯಾತವನ್ನು ಇಳಿಸುತ್ತಿದ್ದೆ. ಇಳಿಸಿದ ತಕ್ಷಣ ಅದು ಅದರಲ್ಲೇ ಕಕ್ಕಸು ಮಾಡುತ್ತಿತ್ತು. ಮತ್ತೆ ಚೆಲ್ಲಿ, ಮತ್ತೆ ಕಾಯಿಸಬೇಕು. ಉಂಗುರ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮಗಳಿಗೆ ಯಾವ ಮುಖ ತೋರಿಸಲಿ ಎಂದು ಬಾತ್‌ರೂಮಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೊರಗುತ್ತಿದ್ದೆ.

ಮೈಸೂರಿನಿಂದ ಬಂದಿದ್ದ ಅತ್ತೆಯವರು ಬಾಗಿಲಲ್ಲಿ ನಿಂತು ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ನನಗೆ ಕೇಳುವ ಹಾಗೆಯೇ ಹೇಳಿದರು: "ಮುಂದಿನ ಸಲ ನಾನೂ ಬಾಲ ಬೆಳೆಸ್ಕೊಂಡು ಬರ್ತೀನಿ ಕಣೇ. ಆಗಲಾದ್ರೂ ನನಗೆ ಪೂರ್ತಿ ಬಕೆಟ್ ಸಿಗತ್ತೇನೋ."

೩. ಹೊಸ ಪೇಷಂಟು

ನೈರೋಬಿಯಲ್ಲಿ ಜುಲೈ ಅಂದರೆ ಚಳಿಗಾಲ. ಅದರ ಮೇಲೆ ಕರೆಂಟು ಹೋಯಿತು. ಶಾಖವಿಲ್ಲದೆ ಓತಿಕ್ಯಾತ ಮುದುಡಿ ಮಲಗಿತು. ವೆಸ್ಟ್‌ಲ್ಯಾಂಡ್ಸಿನ ನನ್ನ ಕ್ಲಿನಿಕ್ಕಿನಲ್ಲಿ ಜನರೇಟರ್ ಇದೆಯಲ್ಲ ಎಂದು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು, ಮೊಂಬಾಸಾ ರೋಡಿನ ಜಾಮಿನಲ್ಲಿ ತೆವಳಿಕೊಂಡು ಹೋದೆ. ರಿಸೆಪ್ಷನಿಸ್ಟ್ ಡಬ್ಬಿಯೊಳಗೆ ಇಣುಕಿ, ಸಾವಿನ ಮನೆಯವರಿಗೆ ಹೇಳುವ ದನಿಯಲ್ಲಿ "ಪೋಲೆ, ದಕ್ತಾರಿ" ಎಂದು ಸ್ವಾಹಿಲಿಯಲ್ಲಿ ಸಮಾಧಾನ ಹೇಳಿದಳು.

ಪರೀಕ್ಷಾ ದೀಪದ ಕೆಳಗೆ ಅದನ್ನು ಮಲಗಿಸಿದ್ದೆ. ಆಗ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿಯೊಬ್ಬರು ಒಳಗೆ ಬಂದರು. ಅಂಗೈ ಸಿಪ್ಪೆ ಏಳುತ್ತಿತ್ತು. ಕೂತವರ ಕಣ್ಣು ದೀಪದ ಕಡೆ ಹೋಯಿತು.

"ಇದಕ್ಕೂ ನಿಮ್ದೇ ಟ್ರೀಟ್‌ಮೆಂಟಾ, ಡಾಕ್ಟ್ರೇ?"

"ಹೂಂ. ಇದಕ್ಕೂ ನಿಮ್ಮ ಹಾಗೇ. ಮೊದಲು ಸ್ವಲ್ಪ ಸಿಪ್ಪೆ ಎದ್ದಿತ್ತು, ಆಮೇಲೆ ಹೀಗಾಯ್ತು."

ಅವರು ತಮ್ಮ ಅಂಗೈ ನೋಡಿಕೊಂಡರು. ಓತಿಕ್ಯಾತವನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನಿಮ್ಮ ಹತ್ರ ಬರೋಕ್ ಮುಂಚೆ ಇವ್ರು ಯಾವ ಬ್ಯಾಂಕಲ್ಲಿದ್ರು?"

೪. ಕಪ್ಪು

ಮಗಳು ವಾಪಸ್ಸಾಗುವ ದಿನವೂ ಬಂತು. ಉಂಗುರ ಇದ್ದಲ್ಲೇ ಇತ್ತು. ಬೆಳಿಗ್ಗೆ ಮತ್ತೆ ಬೇಸಿನ್ ಮುಂದೆ ಕೂತೆ. ಅತ್ತೆಯವರಿಗೆ ಓತಿಕ್ಯಾತ ಕಂಡರೆ ಮೈ ಜುಮ್ಮೆನ್ನುತ್ತದೆ. ಮುಟ್ಟಿದರೆ ತಲೆಗೆ ಸ್ನಾನ ಮಾಡುವವರು. ಆದರೆ ಊರಿನಲ್ಲಿ ಎಷ್ಟೋ ಬಾಣಂತಿಯರ ಕೂಸುಗಳಿಗೆ ನೀರು ಹಾಕಿದ ಕೈ ಅದು. ನನ್ನ ಅವಸ್ಥೆ ನೋಡಿ ತಡೆಯಲಾಗಲಿಲ್ಲ.

"ನೀರು ಹಾಕೋದು ಹೀಗೇನ್ರೀ? ಏಳಿ ಮೇಲೆ."

"ಮುಟ್ಟಿದ್ರೆ ನೀವು ಸ್ನಾನ ಮಾಡ್ಬೇಕಲ್ಲ, ಅತ್ತೆ?"

"ಬಚ್ಚಲಲ್ಲೇ ಇದೀನಲ್ಲ!"

ಮಣೆ ಹಾಕಿ, ಕಾಲು ನೀಡಿ, ಕಾಲಿನ ಮೇಲೆ ಅದನ್ನು ಬೋರಲು ಮಲಗಿಸಿಕೊಂಡು, ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ನೀವಲು ಶುರುಮಾಡಿದರು. ಅಷ್ಟು ದಿನ ಒದ್ದಾಡಿದ ಪ್ರಾಣಿ ಕಣ್ಣು ಮುಚ್ಚಿತು. ಇನ್ನು ನೋಡಲಾರೆನೆಂದು ನಾನು ಕ್ಲಿನಿಕ್ಕಿಗೆ ಹೊರಟುಬಿಟ್ಟೆ.

ಸಂಜೆ ನಾನೂ ಮಗಳೂ ಒಟ್ಟಿಗೇ ಮನೆ ಸೇರಿದೆವು. ಓತಿಕ್ಯಾತ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಸಿಕೊಂಡು ಬೆಚ್ಚಗೆ ಮಲಗಿತ್ತು. ಮಗಳು ಓಡಿ ಹೋಗಿ ಹಿಂಗಾಲು ಮೆಲ್ಲಗೆ ತಿರುಗಿಸಿದಳು.

"ಅಪ್ಪಾ... ಇಟ್ಸ್ ಬ್ಲ್ಯಾಕ್."

ಭೂತಗನ್ನಡಿ ಹಿಡಿದೆ. ಉಂಗುರ ಹೋಗಿತ್ತು, ನಿಜ. ಆದರೆ ಬೆರಳಿನ ಬುಡದಿಂದ ಅಂಗಾಲಿನವರೆಗೆ ಕಡುಕಪ್ಪು. ಕಲಿತ ವಿದ್ಯೆಯನ್ನೆಲ್ಲ ನೆನೆಸಿಕೊಂಡು ನಿಧಾನವಾಗಿ ಹೇಳಿದೆ: "ಇಲ್ಲಿ ರಕ್ತ ಹೋಗ್ತಿಲ್ಲ, ಪುಟ್ಟಿ. ಪಾದಕ್ಕೂ ಏರಿದೆ. ಈಗಲೇ ವೆಟ್‌ಗೆ ಫೋನ್ ಮಾಡ್ತೀನಿ. ಕತ್ತರಿಸಲೇಬೇಕು."

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅವಳು ನನ್ನಲ್ಲಿ ಕೇಳಿದ್ದು ಅದೊಂದೇ ಕೆಲಸ. ಅದೂ ನನ್ನ ಕೈಲಾಗಲಿಲ್ಲ.

ಅಳು ಕೇಳಿ ಅತ್ತೆಯವರು ಅಂದಿನ ಎರಡನೇ ಸ್ನಾನ ಮುಗಿಸಿ, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಬಂದರು. ಕಾಲನ್ನು ನೋಡಿದರು, ನನ್ನನ್ನು ನೋಡಿದರು. ಟವೆಲ್ಲಿನ ತುದಿಯಿಂದ ಆ ಕಪ್ಪನ್ನು ಒಂದೇ ಸಲ ಒರೆಸಿದರು. ಒಳಗೆ ಬೆರಳು ಹೊಚ್ಚ ಹೊಸದಾಗಿತ್ತು; ಓತಿಕ್ಯಾತ ಕಾಲು ಕೊಡವಿ ಹಿಂದಕ್ಕೆ ಎಳೆದುಕೊಂಡಿತು.

"ಕಾಡಿಗೆ ಕಣ್ರೀ. ನೀರು ಹಾಕಿದ್ಮೇಲೆ ಮುದ್ದಾಗಿ ಕಾಣ್ತಿತ್ತು, ದೃಷ್ಟಿಯಾದೀತು ಅಂತ ಬೊಟ್ಟಿಟ್ಟೆ. ಕೆನ್ನೆ ತುಂಬ ಮುಳ್ಳು, ಅದಕ್ಕೇ ಅಂಗಾಲಿಗೆ."

ಮಗಳು ಅಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಜೀವಮಾನದಲ್ಲಿ ಮೊದಲ ಸಲ ಕೋಪವನ್ನು ಕನ್ನಡದಲ್ಲಿ ಆಡಿದಳು: "ಕಾಲು ಕತ್ತರಿಸ್ತಿದ್ರಾ, ಅಪ್ಪಾ?"

ಅತ್ತೆಯವರು ಕಾಡಿಗೆ ಡಬ್ಬಿ ತರಲು ಒಳಗೆ ಹೊರಟರು. "ಅವ್ರಿಗೆ ಬೈಬೇಡ ಪುಟ್ಟಿ. ಇಷ್ಟೊಂದು ಓದಿದೋರು, ಯಾರ ದೃಷ್ಟಿ ತಾಗಿದೆಯೋ ಏನೋ. ಮೊದಲು ಇವರಿಗೊಂದು ಬೊಟ್ಟಿಡ್ತೀನಿ."