ಎರಡು ಅಡ್ಡರಸ್ತೆಗಳನ್ನು ಒಂದೇ ಎತ್ತರಕ್ಕೆ ತಂದವರಿಗೆ

ಒಂಟಿಕೊಪ್ಪಲ್, ಮೈಸೂರು
ಮೇ ೨೦೦೩

ಗೆ,
ಚಿತ್ರವಿಭಾಗದ ಮುಖ್ಯಸ್ಥರು,
ಒಂದೇ ಅಕ್ಷರದ ಹೆಸರುಳ್ಳ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆ,
ಮೊಕ್ಕಾಂ: ನನ್ನ ಮನೆಯ ನಡುಮನೆಯ ಮೇಜು

ಮಾನ್ಯರೇ,

ಮೂವತ್ತೊಂದು ವರ್ಷ ಕಾಲೇಜು ಹುಡುಗರಿಗೆ ಸಂಖ್ಯಾಶಾಸ್ತ್ರ ಕಲಿಸಿ, ಅವರಲ್ಲಿ ಅರ್ಧದಷ್ಟು ಮಂದಿಗೆ ಮಧ್ಯಾಹ್ನದ ನಿದ್ದೆಯನ್ನು ದಯಪಾಲಿಸಿ, ಈಗ ನಿವೃತ್ತನಾಗಿ ಮನೆಯಲ್ಲಿ ಕುಳಿತಿರುವ ಚಂದ್ರಮೌಳಿ ಎಂಬ ನಾನು ತಮ್ಮ ದಿವ್ಯ ಸನ್ನಿಧಿಗೆ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ತಾವು ಸಿ.ಡಿ.ಯೊಳಗಿಂದ ನನ್ನ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿಗೆ ಚಿತ್ತೈಸಿ ಇಂದಿಗೆ ಮೂರು ತಿಂಗಳಾಯಿತು. ತಾವೂ ತಮ್ಮ ಕಿಟಕಿಗಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೂ ಸುಖವಾಗಿದ್ದೇವೆ, ದಿನವೂ ಸ್ನಾನ ಮಾಡಬೇಕೆನ್ನುವ ಹಠ ಬಿಟ್ಟರೆ.

ತಮಗೆ ನೀರಿನ ಅಭ್ಯಾಸವಿಲ್ಲದ ಕಾರಣ ವಿಷಯವನ್ನು ಮೊದಲಿನಿಂದ ವಿವರಿಸುತ್ತೇನೆ. ನಮ್ಮ ಅಡ್ಡರಸ್ತೆಗೂ ನಮ್ಮ ಹಿಂದಿನ ಅಡ್ಡರಸ್ತೆಗೂ ಒಂದೇ ಟ್ಯಾಂಕಿನಿಂದ ನೀರು ಬರುತ್ತದೆ, ಅಂದರೆ ಬರಬೇಕು. ಅಲ್ಲಿ ಬೆಳಗ್ಗೆ ಒಂದೂವರೆ ಗಂಟೆ ಕಾಲ ಧಾರಾಳವಾಗಿ ಸುರಿಯುವ ನಲ್ಲಿ ಇಲ್ಲಿ ಅರ್ಧ ಗಂಟೆ ಕೆಮ್ಮಿ, ಕ್ಯಾಕರಿಸಿ, ನಿಂತುಹೋಗುತ್ತದೆ. ನೀರಿನ ಕಚೇರಿಯ ಇಂಜಿನಿಯರ್ ಮಹದೇವಪ್ರಸಾದ್ ಅವರ ಮುಂದೆ ಬೀದಿಯವರೆಲ್ಲ ಹೋಗಿ ನಿಂತಾಗ ಆ ಪುಣ್ಯಾತ್ಮರು, "ಸುಮ್ನೆ ಬಾಯ್ಮಾತಲ್ಲಿ ಹೇಳಿದ್ರೆ ಆಗಲ್ಲ ಕಣ್ರೀ, ಅಂಕಿಅಂಶ ತನ್ನಿ" ಎಂದುಬಿಟ್ಟರು. ಅಂಕಿಅಂಶ! ಬೀದಿಯವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ನಿವೃತ್ತನಾದ ಮೇಲೆ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ, ಎದೆ ಉಬ್ಬಿಹೋಯಿತು.

ಪಕ್ಕದ ಮನೆಯ ಸುಂದರಮ್ಮ ಎಂಟು ವಾರ ದಿನವೂ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ತುಂಬಿದ ಒಂದೊಂದು ಬಿಂದಿಗೆಗೂ ಬಚ್ಚಲಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಒಂದೊಂದು ಗೀಟು ಎಳೆದರು. ಹಿಂದಿನ ರಸ್ತೆಯ ಲೆಕ್ಕ ಸಿಕ್ಕಿದ್ದು ಭಾಗ್ಯಮ್ಮನವರಿಂದ. ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುವ ಆಕೆ, ಅಕ್ಕಿ ತೊಳೆಯಲು ನೀರು ಸಾಲುತ್ತದೋ ಇಲ್ಲವೋ ಎಂದು ದಿನವೂ ಹಿಡಿದ ಬಿಂದಿಗೆಗಳನ್ನು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುವವರು. ನಮ್ಮ ಕಷ್ಟ ಕೇಳಿ, ಮೊಳೆಯಿಂದ ಕ್ಯಾಲೆಂಡರನ್ನೇ ಕಿತ್ತುಕೊಟ್ಟು, "ತಗೊಂಡೋಗಿ ಮೇಷ್ಟ್ರೇ, ನಮ್ಗೆ ಬಂದಂಗೆ ನಿಮ್ಗೂ ಬರ್ಲಿ" ಎಂದರು. ಅವರಿಗೆ ದಿನಕ್ಕೆ ಇಪ್ಪತ್ತು, ಇಪ್ಪತ್ತೆರಡು ಬಿಂದಿಗೆ; ನಮಗೆ ಆರು, ಅದೃಷ್ಟವಿದ್ದ ದಿನ ಏಳು. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದುಕೊಟ್ಟರೆ ಸಾಕೆಂದು ನನ್ನ ಹೆಂಡತಿ ಸರ್ವಮಂಗಳಾ ಅಂದೂ ಹೇಳಿದಳು, ಇಂದೂ ಹೇಳುತ್ತಾಳೆ. ಆದರೆ ನನಗೆ ಗ್ರಾಫ್ ಬೇಕಿತ್ತು. ಎರಡು, ಅಕ್ಕಪಕ್ಕ, ಒಂದೇ ಹಾಳೆಯಲ್ಲಿ.

ಅಲ್ಲಿಂದ ಶುರುವಾಯಿತು ನೋಡಿ ತಮ್ಮ ಕೃಪೆ. ಅಡ್ಡಸಾಲು ಒಂದು, ಕಂಬಸಾಲು ಎರಡು ಎಂದು ಬರೆಯಬೇಕಾದ ಕಡೆ ನಾನು ಹಿಂದುಮುಂದಾಗಿ ಎರಡು, ಒಂದು ಎಂದು ಬರೆದದ್ದಕ್ಕೆ ತಾವು ಒಂದರ ತಲೆಯ ಮೇಲೆ ಇನ್ನೊಂದನ್ನು ಕೂರಿಸಿದಿರಿ. ತಪ್ಪು ನನ್ನದೇ, ಒಪ್ಪಿದೆ. ತಿದ್ದಿದ ಮೇಲೆ ಅಕ್ಕಪಕ್ಕ ಬಂದವು, ಆದರೆ ಅಗರಬತ್ತಿ ನಿಲ್ಲಿಸಿದ ಹಾಗೆ ತೆಳ್ಳಗೆ. ಪರದೆಯ ಮೇಲಿನ ತಮ್ಮ ಕಿಟಕಿಯ ಮೂಲೆ ಹಿಡಿದು ಎಳೆದರೆ ಎರಡೂ ಒಟ್ಟಿಗೆ ದಪ್ಪಗಾಗುತ್ತಿದ್ದವು, ಪ್ರಿಂಟ್ ಕೊಟ್ಟರೆ ಮತ್ತೆ ಸೊರಗುತ್ತಿದ್ದವು. ಅಗಲ ಹೆಚ್ಚಲೆಂದು ಹತ್ತು ಅಂಗುಲ ಕೇಳಿದರೆ ಸಂಕೋಚವಿಲ್ಲದೆ ಕೊಟ್ಟಿರಿ, ಪ್ರಿಂಟರಿನಲ್ಲಿರುವ ಹಾಳೆ ಎಂಟು ಅಂಗುಲದ್ದೆಂದು ಒಂದು ಮಾತು ಹೇಳಲಿಲ್ಲ. ಹಾಳೆಯ ಮೇಲೆ ಭಾಗ್ಯಮ್ಮನವರ ರಸ್ತೆ ಐದನೆಯ ವಾರಕ್ಕೇ ಕತ್ತರಿಸಿಹೋಯಿತು. ಸಾಕಪ್ಪಾ ಸಾಕು ಎಂದು ಒಂದು ದಿನ ಬೀದಿಯ ಗೋಜು ಬಿಟ್ಟು, ನನ್ನ ಸಕ್ಕರೆ ಕಾಯಿಲೆಯ ಅಂಕಿಗಳನ್ನು ಹಾಕಿ ಒಂದೇ ಒಂದು ಗ್ರಾಫ್ ಕೇಳಿದೆ. ಅಕ್ಕಪಕ್ಕ ಎರಡು ಎಂಬ ಹಳೆಯ ಆಜ್ಞೆಯನ್ನು ತಾವಿನ್ನೂ ಮರೆತಿರಲಿಲ್ಲ. ಅದು ಎಡ ಅರ್ಧದಲ್ಲಿ ಮುದುಡಿ ಕುಳಿತು, ಬಲ ಅರ್ಧವನ್ನು ಬರಲಿರುವ ಜೋಡಿಗಾಗಿ ಖಾಲಿ ಬಿಟ್ಟಿತ್ತು. ಇಂಥ ನಿಷ್ಠೆಯನ್ನು ನಾನು ಯಾವ ಸರ್ಕಾರಿ ನೌಕರನಲ್ಲೂ ಕಂಡಿಲ್ಲ, ನನ್ನಲ್ಲೂ ಕಂಡಿಲ್ಲ.

ಆಮೇಲೆ ಅಂಚಿನ ಪ್ರಕರಣ. ಅಳತೆಯನ್ನು ಹಾಳೆಗೆ ಹೊಂದಿಸಿ ಕೇಳಿಕೊಂಡಾಗಲೆಲ್ಲ ತಾವು ಚಿತ್ರ ಬರೆಯದೆ, ಚಿತ್ರದ ಅಂಚುಗಳು ತೀರಾ ದೊಡ್ಡವು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತಿದ್ದಿರಿ. ಹನ್ನೊಂದು ದಿನ, ದಿನಕ್ಕೆ ಹತ್ತು ಸಲ ಇದೇ ಸಾಲು. ಅಂಚು ಇಟ್ಟವರು ತಾವು, ದೊಡ್ಡದೆಂದು ಬೈಯುವವರೂ ತಾವು! ಹನ್ನೆರಡನೆಯ ದಿನ ತಲೆಕೆಟ್ಟು ನಾಲ್ಕೂ ಕಡೆಯ ಅಂಚುಗಳನ್ನು ಸೊನ್ನೆ ಮಾಡಿದೆ. ಆಹಾ! ಎರಡು ಗ್ರಾಫುಗಳು ಅಕ್ಕಪಕ್ಕದಲ್ಲಿ, ಒಂದೇ ಅಗಲ, ಒಂದೇ ಎತ್ತರ, ಹಾಳೆಯ ತುಂಬ ಎದ್ದು ನಿಂತವು. "ಬಾರೇ ಇಲ್ಲಿ, ನೋಡು ಬಾ" ಎಂದು ನಾನು ಕೂಗಿದ ಕೂಗಿಗೆ ಸರ್ವಮಂಗಳಾ ಒಲೆಯ ಮೇಲಿನ ಹಾಲು ಬಿಟ್ಟು ಓಡಿಬಂದಳು, ಹಾಲು ಉಕ್ಕಿತು. ಆ ಸಂಭ್ರಮದಲ್ಲಿ ನಾನು ಗಮನಿಸದೆ ಹೋದದ್ದೇನೆಂದರೆ, ಅಂಚಿನ ಜೊತೆಗೆ ಅಂಚಿನಲ್ಲಿ ಬರೆದಿದ್ದ ಅಂಕಿಗಳೂ ಮಾಯವಾಗಿದ್ದವು. ಎಡಗಡೆ ನಮ್ಮ ಏಳು ಬಿಂದಿಗೆಗೆ ಒಂದು ಅಳತೆಪಟ್ಟಿ, ಬಲಗಡೆ ಅವರ ಇಪ್ಪತ್ತೆರಡಕ್ಕೆ ಬೇರೆಯದೇ ಅಳತೆಪಟ್ಟಿ ಇಟ್ಟು, ಯಾರಿಗೂ ಬೇಸರವಾಗದಿರಲೆಂದು ತಾವು ಇಬ್ಬರನ್ನೂ ಸೂರಿಗೆ ಮುಟ್ಟಿಸಿದ್ದಿರಿ.

ಗ್ರಾಫ್ ಕಂಡರೆ ಮೊದಲು ಅಂಚಿನ ಅಂಕಿ ನೋಡ್ರೋ ಎಂದು ಮೂವತ್ತೊಂದು ವರ್ಷ ಹುಡುಗರ ಪ್ರಾಣ ತಿಂದ ನಾನು, ಇಸ್ತ್ರಿ ಅಂಗಿ ತೊಟ್ಟು, ಸುಂದರಮ್ಮನವರನ್ನೂ ಬೀದಿಯ ಇನ್ನೂ ನಾಲ್ವರನ್ನೂ ಕರೆದುಕೊಂಡು ಹೋಗಿ ಆ ಹಾಳೆಯನ್ನು ಮಹದೇವಪ್ರಸಾದ್ ಅವರ ಮೇಜಿನ ಮೇಲೆ ಹರಡಿದೆ. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಸ್ಕೇಲ್ ಇಟ್ಟೂ ನೋಡಿದರು. "ಎರಡೂ ಒಂದೇ ಸಮ ಇದ್ಯಲ್ಲಾ ಸಾರ್! ನೀವೇ ಬರ್ಕೊಟ್ಟಿದೀರಾ, ಇನ್ನೇನ್ ಬೇಕು?" ಎಂದು ಹೇಳಿ, ಹಾಳೆಗೆ ಮೊಹರು ಒತ್ತಿ, ಎರಡೂ ರಸ್ತೆಗೆ ಸಮಪಾಲು ನೀರು ಎಂದು ಷರಾ ಬರೆದು ಫೈಲಿಗೆ ಸೇರಿಸಿದರು.

ಹಿಂತಿರುಗುವ ದಾರಿಯಲ್ಲಿ ಸುಂದರಮ್ಮ ಎಲ್ಲರನ್ನೂ ಬಿಟ್ಟು ಮುಂದೆ ಮುಂದೆ ನಡೆದರು. ಮನೆ ಹತ್ತಿರ ಬಂದಾಗ, "ಎಂಟು ವಾರ ಕೂತು ಕೂತು ನನ್ ಮಂಡಿ ಹಿಡ್ಕೊಂಡೋಯ್ತು ಕಣ್ರೀ ಮೇಷ್ಟ್ರೇ. ಆರೂ ಇಪ್ಪತ್ತೂ ಒಂದೇ ಅಂತ ಹೇಳಕ್ಕೆ ಕಂಪ್ಯೂಟರ್ ಬೇಕಾಗಿತ್ತಾ? ನಾನು ಓದ್ದೋಳಲ್ಲ, ಅವೆರಡೂ ಒಂದಲ್ಲ ಅಂತ ನಂಗೇ ಗೊತ್ತಿತ್ತಲ್ಲ ಬುಡಿ" ಎಂದರು. ನನಗೆ ನೆಲ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ತಮ್ಮಲ್ಲಿ ಆ ಸೌಲಭ್ಯವನ್ನು ಇನ್ನೂ ಅಳವಡಿಸಿಲ್ಲವೆಂದು ತಿಳಿದು ತಮ್ಮ ಪಾಲಿನ ನಾಚಿಕೆಯನ್ನೂ ನಾನೇ ಪಟ್ಟೆ.

ಮತ್ತೆ ಕುಳಿತೆ. ಅಂಚುಗಳನ್ನು ಬೇಕಾದಷ್ಟೇ ಮರಳಿ ಕೊಟ್ಟು, ಎರಡಕ್ಕೂ ಸೊನ್ನೆಯಿಂದ ಇಪ್ಪತ್ತೈದರವರೆಗೆ ಒಂದೇ ಅಳತೆಪಟ್ಟಿ ಎಂದು ಕಟ್ಟಪ್ಪಣೆ ಮಾಡಿದ ಮೇಲೆ ತಾವು ಮರುಮಾತಿಲ್ಲದೆ ನಿಜ ಹೇಳಿದಿರಿ. ಕೇಳಿದರೆ ಹೇಳುವವರೇ ತಾವು, ಕೇಳಬೇಕೆಂದು ಮಾತ್ರ ಹೇಳುವವರಲ್ಲ. ಬಲಗಡೆ ಭಾಗ್ಯಮ್ಮನವರ ರಸ್ತೆಯ ಕಂಬಗಳು ಆಳೆತ್ತರ ನಿಂತವು, ಎಡಗಡೆ ನಮ್ಮವು ಅವುಗಳ ಮೊಣಕಾಲಿಗೆ ಬಂದವು. ಮತ್ತೆ ಒಯ್ದು ಹರಡಿದಾಗ ಇಂಜಿನಿಯರರು ಈ ಸಲ ಸ್ಕೇಲ್ ತೆಗೆಯಲಿಲ್ಲ. "ಛೆ ಛೆ, ಇದು ಅನ್ಯಾಯ ಸಾರ್. ಒಂದು ವಾರ ಟೈಮ್ ಕೊಡಿ, ಎರಡನ್ನೂ ಸಮ ಮಾಡ್ಬುಡ್ತೀನಿ" ಎಂದರು. ಅಂದು ಬೀದಿಯಲ್ಲಿ ನನಗೆ ಮನೆಮನೆಯಲ್ಲೂ ಕಾಫಿ, ಅದೂ ಆ ಆರು ಬಿಂದಿಗೆಯಲ್ಲೇ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಇನ್ನು ಮುಂದೆ ಯಾರನ್ನೇ ಅಕ್ಕಪಕ್ಕ ಕೂರಿಸುವ ಮುನ್ನ ತಾವು ಇಬ್ಬರ ಮನೆಯ ಹಂಡೆಯನ್ನೂ ಇಣುಕಿ ನೋಡಿ ಬರಬೇಕು. ತೀರಾ ದೊಡ್ಡದಾದ ತಮ್ಮ ಅಂಚುಗಳಲ್ಲಿ ಒಂದನ್ನು ನಮ್ಮ ಬೀದಿಗೆ ದಾನ ಮಾಡಬೇಕು, ಇಲ್ಲಿ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ. ಮತ್ತು ನಾಳೆ ಬೆಳಗ್ಗೆ ಆರಕ್ಕೆ ಖುದ್ದಾಗಿ ದಯಮಾಡಿಸಿ, ಸುಂದರಮ್ಮನವರ ಪಕ್ಕದಲ್ಲಿ ಕುಕ್ಕರುಗಾಲು ಹಾಕಿ ಕುಳಿತು, ಒಂದೇ ಒಂದು ಬಿಂದಿಗೆ ತುಂಬಿಸಿ ತೋರಿಸಬೇಕು. ಅಗಲ ಎಷ್ಟಿರಬೇಕು, ಎತ್ತರ ಎಷ್ಟಿರಬೇಕು ಎಂದು ಆಗ ನಾವು ತಮ್ಮನ್ನು ಒಂದು ಮಾತೂ ಕೇಳುವುದಿಲ್ಲ.

ಮೇರೆಯಿಲ್ಲದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಚಂದ್ರಮೌಳಿ
ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಆ ಒಂದು ವಾರ ತುಂಬಿತು. ಇಂಜಿನಿಯರರು ಮಾತಿಗೆ ತಪ್ಪಲಿಲ್ಲ. ನೀರು ಬಿಡುವ ನಿಂಗಯ್ಯ ಬಂದು ಹಿಂದಿನ ರಸ್ತೆಯ ವಾಲ್ವನ್ನು ತಿರುಗಿಸಿ ತಿರುಗಿಸಿ ಬಿಗಿಮಾಡಿ ಹೋದ, ನಮ್ಮದನ್ನು ಮುಟ್ಟಲೂ ಇಲ್ಲ. ಈಗ ಅಲ್ಲೂ ಆರು, ಇಲ್ಲೂ ಆರು. ಕೊನೆಗೂ ಕಚೇರಿಗೆ ಮೊದಲು ಒಯ್ದ ತಮ್ಮ ಚಿತ್ರವೇ ಸರಿಯಾಯಿತು, ಅಭಿನಂದನೆಗಳು. ಭಾಗ್ಯಮ್ಮನವರು ಹಿಟ್ಟು ರುಬ್ಬುವುದನ್ನು ನಿಲ್ಲಿಸಿದ್ದಾರೆ. ಅಂದು ಕೊಟ್ಟ ಕ್ಯಾಲೆಂಡರನ್ನು ವಾಪಸು ಕೇಳಿಕೊಂಡು ಈಗಷ್ಟೇ ಬಂದವರು, "ನಾನು ಇದನ್ನ ನಿಮ್ಗೆ ಕೊಡ್ದೇ ಇದ್ದಿದ್ರೆ ನಂಗೆ ನೀರು ಬರ್ತಿತ್ತು, ಅಲ್ವಾ ಮೇಷ್ಟ್ರೇ?" ಎಂದು ಕೇಳಿದರು. ಹೌದು ಎಂದು ಹೇಳಲು ತಮ್ಮಲ್ಲಿ ಯಾವುದಾದರೂ ಆಜ್ಞೆಯಿದ್ದರೆ ಬೇಗ ತಿಳಿಸಿ, ಆಕೆ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ.