ಮೈಮೇಲೆ ಲೋಹವಿರಕೂಡದು

ಮೇಸನ್ನರೆಂಬ ಗುಟ್ಟಿನ ಸಂಘದ ಲಾಡ್ಜಿಗೆ, ಅಂದರೆ ಶಾಖೆಗೆ, ಹೊಸದಾಗಿ ಸೇರುವವನ ಮೈಮೇಲೆ ಲೋಹದ ಒಂದು ಚೂರೂ ಇರಕೂಡದು. ಇದು ನಿಯಮ. ಬಡವನಾಗಲಿ ಸಾಹುಕಾರನಾಗಲಿ ಒಂದೇ ರೀತಿ ಒಳಗೆ ಬರಬೇಕೆಂಬುದು ಅದರ ಅರ್ಥ. ಬೀದರಿನ ನಮ್ಮ ಲಾಡ್ಜಿನಲ್ಲಿ ಇದನ್ನು ಮುರಿಯದೆ ಒಳಗೆ ಬಂದವನು ಒಬ್ಬನೂ ಇರಲಿಲ್ಲ. ಲಾಡ್ಜಿನ ಕಾರ್ಯದರ್ಶಿ ನಾನು, ಊರಿನ ಶಾಲೆಯ ಮಾಸ್ತರ. ಸೇರುವವರ ತಪಾಸಣೆ ಮಾಡಿ ದಫ್ತರದಲ್ಲಿ ‘ಲೋಹವಿರಲಿಲ್ಲ’ ಎಂದು ಬರೆದು ಸಹಿ ಮಾಡುತ್ತಿದ್ದವನೂ ನಾನೇ.

ಚಿದ್ರಿಯ ದಾರಿಯಲ್ಲಿ ಒಂದು ಹಳೆಯ ಹವೇಲಿ. ಅದರ ಮೇಲಿನ ಕೋಣೆಯೇ ಲಾಡ್ಜು. ಊರಿನವರು ಅದನ್ನು ಜಾದೂಘರ್ ಎನ್ನುತ್ತಿದ್ದರು; ಒಳಗೆ ತಲೆ ಕಡಿದು ಮತ್ತೆ ಹಚ್ಚುತ್ತಾರೆಂದು ನಂಬಿದ್ದರು. ಈಗಲೂ ಮಧ್ಯಾಹ್ನದ ಮಂಪರಿನಲ್ಲಿ ಆ ಕೋಣೆ ಕಣ್ಣಿಗೆ ಕಟ್ಟುತ್ತದೆ: ನೀಲಿ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿದೆ, ಜಂತಿಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿವೆ, ಕೆಂಪು ಧೂಳು ಬೆಳಕಿನಲ್ಲಿ ತೇಲುತ್ತ ಎಲ್ಲಿಯೂ ಕೂರದೆ ನಿಂತಿದೆ.

ಲಾಡ್ಜು ಕಟ್ಟಿದ ಇಂಗ್ಲಿಷ್ ಇಂಜಿನಿಯರ್ ಸಾಹೇಬರು ವರ್ಗವಾಗಿ ಹೋದ ಮೇಲೆ ಉಳಿದವರು ಆರೇ ಜನ. ಏಳು ಜನರಾದರೆ ಮಾತ್ರ ಸನದು, ಅಂದರೆ ಮಾನ್ಯತೆಯ ಪತ್ರ. ಸನದಿಲ್ಲದಿದ್ದರೆ ಬೇರೆ ಲಾಡ್ಜುಗಳು ನಮ್ಮನ್ನು ಮೇಸನ್ನರೆಂದೇ ಒಪ್ಪುವುದಿಲ್ಲ. ಆ ಸನದು ನನಗೆ ಎಷ್ಟು ಬೇಕಾಗಿತ್ತೆಂದರೆ, ಅದನ್ನು ತೂಗುಹಾಕಲು ಗೋಡೆಗೆ ಮೊಳೆ ಹೊಡೆದು, ನಿತ್ಯ ಆ ಬರಿ ಮೊಳೆಯ ಧೂಳನ್ನೂ ಒರೆಸುತ್ತಿದ್ದೆ.

ಉಡದಾರ

ಔರಾದದ ತಹಸೀಲ್ದಾರರು ಸೇರಲು ಬಂದ ದಿನ ಉಂಗುರ, ಗಡಿಯಾರ ಎಲ್ಲವನ್ನೂ ತೆಗೆದು ನನ್ನ ತಟ್ಟೆಯಲ್ಲಿಟ್ಟರು. ಧೋತರದ ನಿರಿಗೆಯಲ್ಲಿ ಏನೋ ಮಿಂಚಿತು. ಬೆಳ್ಳಿಯ ಉಡದಾರ.

“ಅದನ್ನೂ ತೆಗೀರಿ,” ಎಂದೆ.

“ಏನ್ ಮಾತಾಡ್ತೀರಿ ಮಾಸ್ತರ್ರ? ಉಡದಾರ ಇಲ್ದ ಗಂಡಸು ಬೆತ್ತಲಿ ಇದ್ದಂಗ್ರಿ.”

“ನಿಯಮ ಅದರಿ.”

“ಬೆತ್ತಲಿ ಬರಬೇಕಂತ ನಿಯಮದಾಗ ಬರ್ದದೇನ್ರಿ?”

ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಬರೆದಿರಲಿಲ್ಲ.

ಅಯಸ್ಕಾಂತ

ಬಿದ್ರಿ ಸಾಮಾನಿನ ವ್ಯಾಪಾರಿಯ ಶೇರವಾನಿಗೆ ಬಿದ್ರಿಯದೇ ಸತುವಿನ ಗುಂಡಿಗಳು, ಕಾಡಿಗೆಯಂತೆ ಕಪ್ಪು. ಕತ್ತರಿಸಿ ತೆಗೆಯಬೇಕೆಂದೆ.

“ಲೋಹ ಅಲ್ರೀ ಸಾಬ್ ಇದು. ಕಿಲ್ಲೇದ ಮಣ್ಣು ಕುಡಿದು ಕರ್ರಗಾದದ್ದು. ಮಣ್ಣ ಅನ್ರಿ ಬೇಕಾದ್ರ.”

ಹೈದರಾಬಾದಿನ ಇಂಗ್ಲಿಷ್ ಶಾಲೆಯಲ್ಲಿ ವಿಜ್ಞಾನ ಕಲಿತು ಬಂದವನು ನಾನು. ಬಾಯಿಮಾತಿಗೆ ಬಗ್ಗುವವನಲ್ಲ. ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯ ಕಪಾಟಿನಿಂದ ಅಯಸ್ಕಾಂತ ತರಿಸಿದೆ. ಎಲ್ಲರೂ ಸುತ್ತ ನೆರೆದರು. ಒಂದೊಂದೇ ಗುಂಡಿಗೆ ಹಿಡಿದೆ. ಒಂದೂ ಅಂಟಲಿಲ್ಲ.

“ಬರೀರಿ ಸಾಬ್,” ಎಂದರು ವ್ಯಾಪಾರಿ ಮೃದುವಾಗಿ.

ಬರೆದೆ. ಸತುವಿಗೆ ಅಯಸ್ಕಾಂತ ಅಂಟುವುದಿಲ್ಲವೆಂಬ ಪಾಠವನ್ನು ಮರುದಿನ ಬೆಳಿಗ್ಗೆ ಮಕ್ಕಳಿಗೆ ನಾನೇ ಮಾಡಬೇಕಾಗಿತ್ತು.

ಡಾಕ್ಟರರ ಪ್ರಮಾಣ

ದವಾಖಾನೆಯ ಡಾಕ್ಟರರಿಗೆ ಒಂದು ಬಂಗಾರದ ಹಲ್ಲು. ತಪಾಸಣೆಯಲ್ಲಿ ಅವರು ಬಾಯಿ ತೆರೆಯಲೇ ಇಲ್ಲ. ಮುಂದೆ ಪ್ರಮಾಣ ಹೇಳುವಾಗಲೂ ತೆರೆಯಲಿಲ್ಲ. ಅಷ್ಟುದ್ದದ ಪ್ರಮಾಣವನ್ನು ಹೂಂ ಹೂಂ ಎಂದು ಮೂಗಿನಲ್ಲೇ ಮುಗಿಸಿದರು. ಅವರು ಯಾವುದಕ್ಕೆ ಬದ್ಧರೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಇದೇ ಡಾಕ್ಟರರು ಒಮ್ಮೆ ಸಿಕಂದರಾಬಾದಿಗೆ ಹೋದಾಗ ಅಲ್ಲಿಯ ದೊಡ್ಡ ಲಾಡ್ಜಿನ ಬಾಗಿಲಲ್ಲಿ ನಿಂತು ಮೇಸನ್ನರ ಗುಟ್ಟಿನ ರೀತಿಯಲ್ಲಿ ಕೈ ಕುಲುಕಿದರಂತೆ. ಅಲ್ಲಿಯವರೂ ಹಾಗೆಯೇ ಕುಲುಕಿದರಂತೆ. ನಂತರ ಸನದು ಕೇಳಿದರಂತೆ.

“ಮುಂದ ಏನಾಯ್ತ್ರಿ?” ಎಂದು ಕೇಳಿದೆ.

“ಚಹಾ ಕೊಟ್ರು, ಮಾಸ್ತರ್ರ. ಭಾಳ ಛಲೋ ಇತ್ತು. ಪಡಸಾಲಿಯಾಗ ಕುಂದ್ರಿಸಿ ಕೊಟ್ರು.”

ಉಳಿದವರು

ನಮ್ಮ ಅಧ್ಯಕ್ಷರಾದ ವಕೀಲರು ಜನಿವಾರಕ್ಕೆ ತಿಜೋರಿಯ ಬೀಗದ ಕೈ ಕಟ್ಟಿಕೊಂಡೇ ಸೇರಿದವರು. ಬಾಗಿಲು ಕಾಯುವ ನಿವೃತ್ತ ಸುಬೇದಾರರ ತೊಡೆಯಲ್ಲಿ ಯಾವುದೋ ಯುದ್ಧದ ಗುಂಡು ಉಳಿದಿತ್ತು. ಅದನ್ನು ತೆಗೆಯಿರಿ ಎನ್ನುವ ಧೈರ್ಯ ನನಗೂ ಸಾಲಲಿಲ್ಲ. ಇನ್ನು ಆರನೆಯವನು. ಸೇರುವವನ ಕಣ್ಣಿಗೆ ಬಟ್ಟೆ ಕಟ್ಟುವುದು ಪದ್ಧತಿ. ಇಂಜಿನಿಯರ್ ಸಾಹೇಬರು ಅವನಿಗೆ ಬಟ್ಟೆ ಕಟ್ಟಿದ್ದು ಬೆಳ್ಳಿ ಚೌಕಟ್ಟಿನ ಕನ್ನಡಕದ ಮೇಲೆಯೇ. ಅದು ಮೂಗಿನ ಮೇಲಿದ್ದದ್ದು ಅವನಿಗೆ ಮನೆಗೆ ಹೋಗಿ ಓದಲು ಕೂತಾಗ ಹೊಳೆಯಿತು. ಆ ಆರನೆಯವನು ನಾನು.

ಏಳನೆಯವರು

ಭಾಲ್ಕಿಯ ಒಬ್ಬ ಬೇಳೆ ವ್ಯಾಪಾರಿ, ಲಿಂಗವಂತರು, ತಾವಾಗಿಯೇ ಕೇಳಿಕೊಂಡು ಬಂದರು. ಕೇಳಿಕೊಂಡು ಬಂದವರನ್ನು ನಾವು ಅಲ್ಲಿಯವರೆಗೆ ಕಂಡಿರಲಿಲ್ಲ. ಸಂಜೆಯ ಬಿಸಿಲು ಪರದೆಯ ನೀಲಿಯಲ್ಲಿ ಮಿಂದು, ಕೋಣೆ ಕೆರೆಯ ತಳದಂತೆ ಕಾಣುತ್ತಿತ್ತು. ಪದ್ಧತಿಯಂತೆ ಅವರು ಅಂಗಿ ಕಳಚಿದರು, ಎಡಗಾಲಿನ ಜೋಡು ಬಿಟ್ಟರು, ಕೊರಳಿಗೆ ನಾನು ಸಡಿಲವಾಗಿ ಹಗ್ಗ ಹಾಕಿದೆ. ಎದೆಯ ಮೇಲೆ ಬೆಳ್ಳಿಯ ಕರಡಿಗೆ ಕಂಡಿತು, ಅದರೊಳಗೆ ಇಷ್ಟಲಿಂಗ.

“ಸಾವ್ಕಾರ್ರ, ಲಿಂಗ ಇರ್ಲಿ. ಬೆಳ್ಳಿ ಬಿಟ್ಟು ಬಟ್ಟ್ಯಾಗ ಕಟ್ಕೋರಿ,” ಎಂದೆ.

“ಈ ಕರಡಿಗಿ ನಮ್ಮವ್ವ ಕಟ್ಯಾಳ್ರಿ. ಪೂಜಿ ವ್ಯಾಳ್ಯಾ ಬಿಟ್ರ ತೆಗಿಯಂಗಿಲ್ಲಂತ ಆಕಿಗಿ ಮಾತು ಕೊಟ್ಟೇನಿ.”

ವಕೀಲರು ನನ್ನ ಕಿವಿಯ ಹತ್ತಿರ ಬಂದರು. “ಬರೀರಿ ಮಾಸ್ತರ್ರ. ಇವರೇ ಏಳನೇದವರು. ಸನದು ಕೈಯಾಗ ಬಂದಂಗ.”

ನಾನು ಲೇಖನಿಯನ್ನು ಮಸಿಯಲ್ಲಿ ಅದ್ದಿದೆ.

“ಏನ್ ಬರೀತೀರಿ?” ಎಂದರು ಸಾವ್ಕಾರರು.

“ಲೋಹ ಇರ್ಲಿಲ್ಲಂತ.”

“ಮೈಮ್ಯಾಲ ಅದ ಅಲ್ರೀ.”

“ಎಲ್ಲಾರಿಗೂ ಹಿಂಗೇ ಬರ್ದೀನ್ರಿ.”

ಅವರು ಸುತ್ತ ನೋಡಿದರು. ತಹಸೀಲ್ದಾರರು ಧೋತರ ಸರಿಮಾಡಿಕೊಂಡರು. ಬಿದ್ರಿ ವ್ಯಾಪಾರಿ ಗುಂಡಿಗಳ ಮೇಲೆ ಕೈಯಿಟ್ಟರು. ಡಾಕ್ಟರರು ಬಾಯಿ ಮುಚ್ಚಿದರು.

“ನನ್ನ ಮಾತು ನಾ ಮುರಿಯಂಗಿಲ್ರಿ,” ಎಂದರು ಸಾವ್ಕಾರರು. “ನನ್ನ ಸಲುವಾಗಿ ನಿಮ್ಮ ನಿಯಮಾನೂ ಮುರೀಬ್ಯಾಡ್ರಿ. ಈ ಮನಿ ಹೊಸ್ತಿಲು ಇನ್ನ ದಾಟಂಗಿಲ್ಲ. ಬರ್ತೇನಿ.”

“ಸನದು ಹೋಗ್ತದ್ರೀ ಸಾವ್ಕಾರ್ರ,” ಎಂದರು ವಕೀಲರು ದೀನರಾಗಿ.

“ಸುಳ್ಳು ಬರ್ದು ತಂದ ಸನದು ಎಲ್ಲಿ ಹಚ್ತೀರ್ರಿ?”

ಅಂಗಿ ಹೆಗಲ ಮೇಲೆ ಹಾಕಿಕೊಂಡು ಅವರು ಮೆಟ್ಟಿಲಿಳಿದು ನಡೆದೇ ಬಿಟ್ಟರು. ನಾವು ಕಿಟಕಿಗೆ ಓಡಿದೆವು. ಜಾದೂಘರಿನಲ್ಲಿ ಏನಾಗುತ್ತದೋ ಎಂದು ಬೀದಿಯಲ್ಲಿ ಕಾದಿದ್ದ ಜನ ಒಮ್ಮೆಲೇ ಹಿಂದೆ ಸರಿದರು: ಬರಿಮೈ, ಕೊರಳಲ್ಲಿ ಹಗ್ಗ, ಒಂದೇ ಕಾಲಲ್ಲಿ ಜೋಡು. ನಾವು ವರ್ಷಗಟ್ಟಲೆ ಕಾಪಾಡಿದ್ದ ಗುಟ್ಟೆಲ್ಲ ನಡುಬೀದಿಯಲ್ಲೇ ನಡೆದು ಹೋಗುತ್ತಿತ್ತು.

“ತಲಿ ಹೊಳ್ಳಿ ಹಚ್ಯಾರ ನೋಡ್ರಿ. ಹಗ್ಗ ಬಿಚ್ಚೂದು ಮರ್ತಾರ,” ಎಂದ ಒಬ್ಬ ಗಂಭೀರವಾಗಿ.

ಹೊಸ್ತಿಲಾಚೆ ನಿಂತು, ಕೆಳಬಾಗಿಲಲ್ಲಿದ್ದ ಸುಬೇದಾರರ ಕೈಗೆ ಸಾವ್ಕಾರರು ಹಗ್ಗವನ್ನು ಮಡಿಸಿ ಕೊಟ್ಟರು.

“ಇನ್ನೊಂದು ಜೋಡು ಮ್ಯಾಲೇ ಉಳೀತಲ್ರೀ ಸಾವ್ಕಾರ್ರ, ಹೋಗಿ ತಗೊಂಡು ಬರ್ರಿ,” ಎಂದರು ಸುಬೇದಾರರು.

“ಈ ಹೊಸ್ತಿಲು ದಾಟಂಗಿಲ್ಲಂತ ಮ್ಯಾಲ ಹೇಳೇನಿ. ನೀವು ತರ್ತೀರೇನು?”

“ನಾ ಬಾಗಿಲಾ ಬಿಡಂಗಿಲ್ರಿ. ನಿಯಮ ಅದ.”

ಸಾವ್ಕಾರರು ಒಪ್ಪಿ ತಲೆಯಾಡಿಸಿದರು. ಅವರ ಎಡಗಾಲಿನ ಜೋಡು ಹಿಡಿದು ನಾನು ಏದುಸಿರು ಬಿಡುತ್ತ ಕೆಳಗೆ ಬರುವಷ್ಟರಲ್ಲಿ ಅವರು ಬಲಗಾಲಿನದನ್ನೂ ಕಳಚಿ, ಧೂಳು ಕೊಡವಿ, ಹೊಸ್ತಿಲ ಹೊರಗೆ ನೆಟ್ಟಗೆ ಇಟ್ಟು, “ಒಂದೇ ಇಟ್ಕೊಂಡು ನೀವರ ಏನ್ ಮಾಡ್ತೀರಿ, ಇದೂ ಇರ್ಲಿ,” ಎಂದು ಬರಿಗಾಲಲ್ಲಿ ಭಾಲ್ಕಿಯ ಗಾಡಿ ಹತ್ತಿದರು.