ಹರಳು ಬಿತ್ತೇನ್ರಿ?

ಬ್ಯಾರೆಯವರಿಗೆ ಬ್ಯಾನಿ ಬಂದ್ರ ಮಂದಿ ಅಯ್ಯೋ ಪಾಪ ಅಂತಾರ. ನನಗ ಬ್ಯಾನಿ ಬಂದ್ರ ಬಾಯಿಗೆ ಕೈ ಅಡ್ಡ ಹಿಡಕೊಂಡು ನಗ್ತಾರ. ನನ್ನ ಹಣೇಬರಹಾನೇ ಹಂಗ. ಪುಣೇದಾಗ ನೌಕರಿ ಮಾಡಿದಷ್ಟೂ ವರ್ಷ ಇಂಥಾವು ಒಂದಿಲ್ಲೊಂದು ನಡದೇ ಇದ್ವು. ಆದ್ರ ಒಂದು ವರ್ಷ ಮೂತ್ರದ ಹರಳು ಮಾಡಿದ ಫಜೀತಿ ಅಂದ್ರ, ಅದು ಎಲ್ಲಾದಕ್ಕೂ ಹಿರಿಯಣ್ಣ. ಹೇಳ್ತೀನಿ ಕೇಳ್ರಿ. ನಗು ಬಂದ್ರ ನಗ್ರಿ, ಈಗೇನು ನನಗ ಬ್ಯಾನಿ ಇಲ್ಲ.

೧. ಸಾಹೇಬನ ಮುಂದ ಉರುಳುಸೇವಾ

ಆಗ ಇಂಗ್ರೇಜರ ರಾಜ್ಯ. ಪುಣೇದ ದಂಡಿನ ಕ್ಯಾಂಪಿನೊಳಗ ಒಂದು ಸರಕಾರಿ ಆಫೀಸಿನ್ಯಾಗ ನಾ ಕಾರಕೂನ. ನಮ್ಮ ಸಾಹೇಬ ಬಿಳಿಯಾಂವ. ರಜಾ ಕೇಳಿದ್ರ ಅವನ ಆಸ್ತಿಯೊಳಗ ಪಾಲು ಕೇಳಿದಂಗ ಮಾರಿ ಮಾಡ್ತಿದ್ದ. ಧಾರವಾಡದಾಗ ನನ್ನ ಹೆಂಡತಿ ತಂಗಿ ಮದುವಿ ಇತ್ತು. ಅರ್ಜಿ ಕೊಟ್ಟೆ, 'ನೋ' ಅಂದ. ಮತ್ತ ಕೊಟ್ಟೆ, ಮತ್ತ 'ನೋ'. ಕಡೀಕ ನಾನೇ ಒಳಗ ಹೋಗಿ ಟೇಬಲ್ ಮುಂದ ಕೈ ಕಟ್ಟಿ ನಿಂತು "ಸರ್" ಅಂದೆ ನೋಡ್ರಿ, ಎಡಗಡೆ ಬೆನ್ನಿಗೆ ಯಾರೋ ಕುಡಗೋಲು ಹಾಕಿ ಎಳದಂಗಾತು. ಯವ್ವಾ ಅಂತ ಅಲ್ಲೇ ಬಿದ್ದೆ. ಬಿದ್ದು ಸುಮ್ಮನಿರಲಿಲ್ಲ, ಈ ಗೋಡಿಯಿಂದ ಆ ಗೋಡಿ ತನಕ ಉರುಳಿದೆ.

ರಜಾಕ್ಕ ಹಿಂಗ ಬೇಡ್ಕೊಳ್ಳೂದು ನಮ್ಮ ಪದ್ಧತಿ ಅಂತ ಸಾಹೇಬ ತಿಳಕೊಂಡ. ಗಾಬರಿಯಾಗಿ ಎರಡೂ ಕಾಲು ಕುರ್ಚಿ ಮ್ಯಾಲೆ ಎತ್ತಿಕೊಂಡು, "ಆತು, ಆತು, ಒಂದು ತಿಂಗಳು ರಜಾ ಕೊಟ್ಟೀನಿ, ಮೊದಲ ಏಳು!" ಅಂತ ಚೀರಿದ.

ನನಗ ಖರೇನ ಬ್ಯಾನಿ ಬಂದಿತ್ತು ಅಂತ ಆಫೀಸಿನ್ಯಾಗ ಒಬ್ರೂ ನಂಬಲಿಲ್ಲ. "ಎಂಥಾ ಯುಕ್ತಿ ತೆಗದ್ಯೋ ಮಾರಾಯಾ" ಅಂತ ಬೆನ್ನು ಚಪ್ಪರಿಸಿದ್ರು, ಅದೂ ಎಡಗಡೇನೇ. ಬಾಜೂ ಟೇಬಲಿನ ಗೆಳೆಯಾಗ ತಡೀಲಿಲ್ಲ. ಮರುವಾರ ತಾನೂ ಹೋಗಿ ಸಾಹೇಬನ ಮುಂದ ಉರುಳಿದ. ಸಾಹೇಬ ಈ ಸಲ ಗಾಬರಿಯಾಗಲಿಲ್ಲ, ಇದು ಅಂಟುಜಾಡ್ಯ ಅಂತ ಹೇಳಿ ಇಬ್ರು ಸಿಪಾಯಿಗಳ ಕೂಡ ದವಾಖಾನಿಗೆ ಸಾಗಹಾಕಿದ. ಅಲ್ಲಿಯವರು ಏನೂ ಕೇಳದನ ಎನಿಮಾ ಕೊಟ್ರು. ಗೆಳೆಯಾಗ ಒಂದು ದಿನ ರಜಾ ಸಿಕ್ಕಿತು, ಖರೆ. ಅದನ್ನ ಅಂವ ಪೂರ್ತಿ ಪಾಯಖಾನಿಯೊಳಗ ಕಳದ.

೨. ಕುದುರಿಗೆ ಬಂದ ಭಾಗ್ಯ

ರಜಾ ಸಿಕ್ಕರೂ ಬ್ಯಾನಿಯೊಳಗ ಮದುವಿ ತಪ್ಪಿತು, ಧಾರವಾಡದ ಬದಲಿ ಡಾಕ್ಟರ ಕಡೆ ಹೋದೆ. ನಮ್ಮ ಡಾಕ್ಟರು ಬೆಳಗಾವಿ ಕಡೆಯವರು. ಈಗ ಶಿವಾಜಿನಗರ ಅಂತಾರಲ್ಲ, ಆಗ ಭಾಂಬುರ್ಡಾ ಅಂತಿದ್ರು, ಅಲ್ಲಿ ಅವರ ದವಾಖಾನಿ. ಬೆನ್ನು ಹೊಟ್ಟಿ ಒತ್ತಿ ನೋಡಿ, "ಹರಳು ಇಳ್ಯಾಕತ್ತೇದ್ರಿ. ನೀರು ಕುಡೀರಿ, ಭಾಳ ಕುಡೀರಿ. ಗಣಪತಿ ಹಬ್ಬ ಬರೂದರೊಳಗ ತಾನಾಗೇ ಬಿದ್ರ ನಿಮ್ಮ ಪುಣ್ಯಾ. ಬೀಳಲಿಲ್ಲಂದ್ರ ಕೊಯ್ದು ತಗೀಬೇಕಾಗ್ತದ" ಅಂದ್ರು. ಕೊಯ್ಯೂದು ಅನ್ನೋ ಮಾತು ಕೇಳಿ ನನ್ನ ಜೀವ ಅಲ್ಲೇ ಅರ್ಧಾ ಹೋತು. ಆ ಕಾಲದಾಗ ಕೊಯ್ಸಿಕೊಳ್ಳಾಕ ಹೋಗೋ ಮನಶ್ಯಾ ಮೊದಲ ಮನೀ ಮಂದಿಗೆಲ್ಲಾ ಹೇಳಿ ಕೇಳಿ, ದೇವರಿಗೆ ಕೈ ಮುಗದು ಹೋಗ್ತಿದ್ದ.

ನಾವಿದ್ದದ್ದು ನಾರಾಯಣ ಪೇಠಿಯ ಒಂದು ವಾಡೆದಾಗ. ನಡುವ ಅಂಗಳ, ಸುತ್ತಲೂ ಬಿಡಾರ, ಎಲ್ಲಾರಿಗೂ ಕೂಡಿ ಒಂದೇ ನಳ. ಒಬ್ರು ಸೀನಿದ್ರ ಎಲ್ಲಾರೂ ಆಯುಷ್ಯ ಹಾರೈಸೋ ಅಂಥಾ ಜಾಗಾ. ವಾಡೆದ ಹೆಂಗಸರು ನನ್ನ ಹೆಂಡತಿಗೆ ಹುರುಳಿ ಔಷಧ ಹೇಳಿಕೊಟ್ರು. ಇಕಿ ಶುರು ಮಾಡಿದಳು. ಹೊತ್ತು ಹುಟ್ಟಿದ್ರ ಹುರುಳಿ ಕುದಿಸಿದ ನೀರು, ಹೊತ್ತು ಮುಣಗಿದ್ರ ಹುರುಳಿ ಕುದಿಸಿದ ನೀರು. ನೀರು ನನಗ, ಕುದ್ದ ಹುರುಳಿ ಬಾಗಲದಾಗ ನಿಂತಿರತಿದ್ದ ಟಾಂಗಾದ ಕುದುರಿಗೆ. ನಾ ಇಳಕೋತ ಹೋದೆ, ಕುದುರಿ ಏರಕೋತ ಹೋತು. ಅದರ ಮೈ ಎಣ್ಣಿ ಹಚ್ಚಿದಂಗ ಹೊಳ್ಯಾಕತ್ತಿತು.

ಮುಂಜಾನೆ ನಳಕ್ಕ ಹೋದ್ರ ಎಲ್ಲಾರದೂ ಒಂದೇ ಪ್ರಶ್ನಾ, "ಖಡಾ ಪಡಲಾ ಕಾ?" ಮರಾಠಿಯೊಳಗ, ಹರಳು ಬಿತ್ತೇನು ಅಂತ. ಮುದುಕರು ಕೇಳ್ತಿದ್ರು, ಮುದುಕಿಯರು ಕೇಳ್ತಿದ್ರು, ನಿನ್ನೆ ಮೊನ್ನೆ ಲಗ್ನಾಗಿ ಬಂದ ಸೊಸಿ ಕಂಬದ ಹಿಂದ ನಿಂತು ಅತ್ತಿಯ ಕಡಿಂದ ಕೇಳಸ್ತಿದ್ದಳು. ಮರ್ಯಾದಿ ಅನ್ನೋದು ಹರಳಿಗಿಂತ ಮೊದಲ ಬಿದ್ದು ಹೋಗಿತ್ತು. ಇದ್ದವರೊಳಗ ಟಾಂಗಾದಾಂವ ಒಬ್ಬನೇ ಹಂಗ ಕೇಳ್ತಿದ್ದಿಲ್ಲ. ಒಂದು ದಿನ ತಾನಾಗೇ ಬಂದು ಕೈ ಮುಗದು, "ರಾವಸಾಹೇಬ್, ದೇವರು ನಿಮಗ ಛಲೋ ಮಾಡ್ಲಿ. ಖರೆ, ಅವಸರಾ ಮಾಡಬಾರದು" ಅಂದ.

೩. ಟಣ್!

ಡಾಕ್ಟರು ಇನ್ನೊಂದು ಮಾತು ಹೇಳಿದ್ರು. "ಬಿದ್ದ ಹರಳು ಚೆಲ್ಲಬ್ಯಾಡ್ರಿ. ಅದು ಯಾವ ಜಾತೀದು ಅಂತ ಪರೀಕ್ಷಾ ಮಾಡಿದ್ರ, ಇನ್ನೊಂದು ಆಗದಂಗ ಏನು ಬಿಡಬೇಕು ಅಂತ ಹೇಳ್ತೀನಿ. ಅಲ್ಲೀತನಕ ಚಹಾ ಬಿಡ್ರಿ, ಶೇಂಗಾ ಬಿಡ್ರಿ, ಎಳ್ಳು ಬಿಡ್ರಿ, ಪಾಲಕ್ ಬಿಡ್ರಿ." ಪಾಲಕ್ ನನ್ನ ಕಡಿಂದ ಬೇಕಾದವರು ಒಯ್ಯಲಿ. ಆದ್ರ ಶೇಂಗಾ ಹಿಂಡಿ ಇಲ್ಲದ ರೊಟ್ಟಿ, ಚಹಾ ಇಲ್ಲದ ಮುಂಜಾನೆ! ಇದಕ್ಕಿಂತ ಕೊಯ್ಯೂದ ಛಲೋ ಅಂತ ಒಮ್ಮೊಮ್ಮೆ ಅನಸ್ತಿತ್ತು. ಆ ಹರಳು ಕೈಗೆ ಬಂದ್ರ ಮಾತ್ರ ನನಗ ಬಿಡುಗಡಿ.

ಅದಕ್ಕ ಬಚ್ಚಲದಾಗ ಒಂದು ತಾಮ್ರದ ತಂಬಗಿ ಇಟಗೊಂಡಿದ್ದೆ. ಹಬ್ಬ ಒಂದು ವಾರ ಇದ್ದಾಗ, ಮುಂಜಾನೆ, ವಾಡೆ ಮಂದಿಯೆಲ್ಲಾ ನಳದ ಮುಂದ ಕೊಡ ಇಟ್ಟು ನಿಂತ ಹೊತ್ತಿನ್ಯಾಗ, ಕಣ್ಣಿಗೆ ಕತ್ತಲಿ ಬಂದು, ಹಲ್ಲು ಕಚ್ಚಿ, ಕುಲದೇವರನ್ನ ನೆನಸೂದರಾಗ 'ಟಣ್' ಅಂತು. ಹೊರಗ ಗದ್ದಲಾ ಒಮ್ಮೆಗೇ ನಿಂತಿತು. ಆಮ್ಯಾಲೆ ಯಾರೋ "ಪಡಲಾ!" ಅಂತ ಕೂಗಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗ ಅಳೂ ಬಂತು, ಸಂತೋಷಕ್ಕೋ ನಾಚಿಕಿಗೋ ತಿಳೀಲಿಲ್ಲ. ಬಚ್ಚಲದ ಬಾಗಲಾ ತಗಿಯೋ ಧೈರ್ಯ ಮಾತ್ರ ಬರಲಿಲ್ಲ.

ವಾಡೆದ ಮಾಲೀಕರ ತಾಯಿ ಹಿರಿಯ ಮುದುಕಿ, ಭಾಳ ಕಳಕಳಿ. ಪೇಢೆ ತರಿಸಿ ವಾಡೆಕ್ಕೆಲ್ಲಾ ಹಂಚಿದಳು. ಅಷ್ಟರಾಗ ಟಪಾಲಿನಾಂವ ಬಂದ. ಅವನ ಕೈಗೂ ಒಂದು ಪೇಢೆ ಬಂತು. ಅಂವ ಬಾಯಿಗೆ ಹಾಕ್ಕೊಂಡು, "ಏನು ಹುಟ್ಟೇದ್ರಿ, ಗಂಡೋ ಹೆಣ್ಣೋ?" ಅಂತ ಕೇಳಿದ. ಮುದುಕಿ ಸಂಭಾವಿತಳು, ಪರಕೀಯರ ಮುಂದ ಮೂತ್ರದ ಮಾತು ಆಡಾಕ ಮನಸ್ಸಾಗಲಿಲ್ಲ. "ಬಾಣಂತಿ, ಕೂಸು, ಎರಡೂ ಸುಖರೂಪ" ಅಂದುಬಿಟ್ಟಳು.

೪. ಬೆಳ್ಳಿ ಭರಣಿ

ಹರಳು ಕೈಗೆ ಬಂತು, ಡಾಕ್ಟರು ಊರಾಗಿಲ್ಲ! ಮುಂಬಯಿಗೆ ಹೋಗ್ಯಾರ, ಹಬ್ಬಕ್ಕ ಬರ್ತಾರ ಅಂದ್ರು. ಹರಳು ಬಿದ್ದದ ಅಂತ ದವಾಖಾನ್ಯಾಗ ಹೇಳಿ ಬಂದೆ. ಅಲ್ಲೀತನಕ ಕಾಯಬೇಕಲ್ಲ. ತೊಗರಿಕಾಳಿನಷ್ಟು ಗುಂಡಗಿನ, ಕಂದು ಬಣ್ಣದ ಹರಳು. ತೊಳದು, ಹತ್ತಿ ಅರಳ್ಯಾಗ ಸುತ್ತಿ, ಮೂಲಿಗೆ ಬಿದ್ದಿದ್ದ ಒಂದು ಸಣ್ಣ ಬೆಳ್ಳಿ ಕುಂಕುಮದ ಭರಣಿಯೊಳಗ ಹಾಕಿ, ಪಡಸಾಲಿ ಗೂಡಿನ್ಯಾಗ ಇಟ್ಟೆ.

ಮರುದಿನ ಬೆಳಗಾವಿಯಿಂದ ನಮ್ಮ ಸ್ವಾದರತ್ತಿ ಹಬ್ಬಕ್ಕ ಬಂದ್ರು. ಅಪ್ಪನ ಅಕ್ಕ, ಭಾಳ ಮಡಿ. ಮೂತ್ರದ ಹರಳು ಬೆಳ್ಳಿ ಭರಣ್ಯಾಗ ಅದ ಅಂತ ತಿಳದ್ರ ಮನೀ ತುಂಬ ಗೋಮೂತ್ರ ಹೊಡೀತಾರ ಅಂತ ನಾವು ಗಂಡಾಹೆಂಡತಿ ಬಾಯಿ ಹೊಲಕೊಂಡು ಕೂತ್ವಿ. ಎರಡು ದಿನ ಬಿಟ್ಟು ನೋಡಿದ್ರ ಗೂಡಿನ್ಯಾಗ ಭರಣಿ ಇಲ್ಲ! ಸದ್ದಿಲ್ಲದಂಗ ಹುಡುಕಿದ್ವಿ, ಹಾಸಗಿ ಜಾಡಿಸಿದ್ವಿ, ಕಸಾ ಸೋಸಿದ್ವಿ. "ಏನು ಹುಡಕಾಕತ್ತೀಯೋ?" ಅಂತ ಅತ್ತಿ ಕೇಳಿದ್ರ "ಏನಿಲ್ಲತ್ತಿ" ಅಂತಿದ್ದೆ. ಚಹಾ ನನ್ನ ಪಾಲಿಗೆ ಹೋತು ಅನ್ನೋ ಸಂಕಟ ಮಾರಿ ಮ್ಯಾಲೆ ಕಾಣ್ತಿರಬೇಕು. ಅತ್ತಿ ದಿನಾ ಪೂಜಾ ಮುಗಿಸಿ, "ಭಾಳ ಬಾಡೀಯಪಾ. ತಗೋ, ನೀ ಎರಡು ಉದ್ಧರಣಿ ಹೆಚ್ಚಿಗೆ ತಗೋ" ಅಂತ ತೀರ್ಥಾ ಹಾಕ್ತಿದ್ರು.

ಹಬ್ಬದ ದಿನ ಡಾಕ್ಟರು ಗಣಪತಿ ದರ್ಶನಕ್ಕ ಮನೀಗೇ ಬಂದ್ರು. ಅತ್ತಿ ತೀರ್ಥಾ ಕೊಟ್ರು. ಡಾಕ್ಟರು ಭಕ್ತಿಯಿಂದ ಕುಡದು, ಕೈ ಕಣ್ಣಿಗೆ ಒತ್ತಿಕೊಂಡು ಕೂತು, "ಹೂಂ, ಎಲ್ಲದ ಹರಳು? ಕೊಡ್ರಿ" ಅಂದ್ರು.

ನಾ ತಲಿ ಕೆರಕೊಂಡೆ. "ಕಳದು ಹೋಗೇದ್ರಿ. ಸಣ್ಣ ಬೆಳ್ಳಿ ಭರಣಿ, ಅರಳ್ಯಾಗ ಸುತ್ತಿ ಇಟ್ಟಿದ್ದೆ..."

"ಬೆಳ್ಳಿ ಭರಣ್ಯಾಗಿನ ಸಾಲಿಗ್ರಾಮೇನು?" ಅಂತ ಅತ್ತಿ ದೇವರ ಮನಿಯಿಂದ ಹೊರಗ ಬಂದ್ರು. "ಗೂಡಿನ್ಯಾಗ ಧೂಳು ತಿನಕೋತ ಬಿದ್ದಿತ್ತು. ನೀವು ಈಗಿನವರು ದೇವರನ್ನ ಹಿಂಗ ಇಡೂದೇನು? ನಾ ಬಂದಾಗಿಂದ ದಿನಾ ಪಂಚಾಮೃತದ ಅಭಿಷೇಕ ನಡಸೀನಿ."

ಡಾಕ್ಟರು ತಮ್ಮ ಒದ್ದಿ ಅಂಗೈ ನೋಡಿಕೊಂಡ್ರು. ನನ್ನ ಹೆಂಡತಿ ಸೆರಗು ಬಾಯಿಗೆ ತುರಕೊಂಡು ಒಳಗ ಓಡಿದಳು. ನಾನಂತೂ, ಚೀರಿ ಚೀರಿ ಹೊರಗ ಹಾಕಿದ್ದನ್ನ ದಿನಾ ಉದ್ಧರಣಿಲೆ ಒಳಗ ತಗೊಂಡಿದ್ದೆ. ಆದ್ರೂ ಹರಳು ಸಿಕ್ಕಿತಲ್ಲ ಅಂತ ಜೀವಕ್ಕ ಸಮಾಧಾನ.

"ಇರ್ಲಿ ಬಿಡ್ರಿ" ಅಂತ ಡಾಕ್ಟರು ಅಂಗೈ ಒರಸಿಕೊಂಡು ಅಂದ್ರು. "ಅವ್ವಾರ, ಅದನ್ನ ಕೊಡ್ರಿ. ಕುಟ್ಟಿ ಪುಡಿ ಮಾಡಿ ಪರೀಕ್ಷಾ ಮಾಡಬೇಕು."

"ಕುಟ್ಟೂದು? ಸಾಲಿಗ್ರಾಮಾನ?" ಅತ್ತಿ ಭರಣಿ ಎದಿಗೆ ಅವಚಿಕೊಂಡ್ರು.

"ಅತ್ತಿ, ಅದು ಸಾಲಿಗ್ರಾಮ ಅಲ್ಲ" ಅಂತ ನಾ ಕೈ ಜೋಡಿಸಿದೆ. "ನನ್ನ ಹೊಟ್ಟ್ಯಾಗಿನ ಹರಳು. ಖರೇನ, ನಾನೇ ಕೆಡವಿದ್ದು."

ಅತ್ತಿ ನನ್ನ ಮ್ಯಾಲಿಂದ ಕೆಳಗ ಒಮ್ಮೆ ನೋಡಿದ್ರು, ಕೆಳಗಿಂದ ಮ್ಯಾಲೆ ಒಮ್ಮೆ ನೋಡಿದ್ರು.

"ನೀನು? ತೊಟ್ಟಿಲದಾಗಿಂದ ನೋಡೀನಿ ನಿನ್ನ. ಇಷ್ಟು ಛಂದ, ಇಷ್ಟು ಗುಂಡಗಿನ ವಸ್ತು ನಿನ್ನ ಕಡಿಂದ ಹೊರಗ ಬರೂದುಂಟೇನು? ಪೂಜಾ ಆದ ದೇವರನ್ನ ಕುಟ್ಟಾಕ ನಾ ಕೊಡಂಗಿಲ್ಲ. ಡಾಕ್ಟರಿಗೆ ಬೇಕೇಬೇಕಂದ್ರ ಹೋಗು, ನಿಂದ ನೀ ಇನ್ನೊಂದು ಕೆಡವಿಕೊಂಡು ಬಾ!"